ದಾರ ಕಟ್ಟದ ಜಾಗ

ಮಾರ್ಚ್ 4, ಸೋಮವಾರ, ಸಂಜೆ

ಇಡೀ ದಿನ ಧೂಳು. ತೊಳೆಯಲು ಬಂದ ಬ್ಯಾಂಕ್ ಮ್ಯಾನೇಜರರ ರತ್ನಗಂಬಳಿಯನ್ನು ಬೋರಲು ಹಾಕಿ ಬೆನ್ನಿಗೆ ಧೂಳು ಬಡಿಯುವ ಮೆಷಿನ್ ಹಿಡಿದೆ. ತೆಗೆದಷ್ಟೂ ಬರುತ್ತದೆ. ಅವರ ಮನೆಯಲ್ಲಿ ಕಸಬರಿಕೆಯೇ ಇಲ್ಲವೇನೋ, ಎಲ್ಲ ಇದರೊಳಗೇ ಗುಡಿಸಿಟ್ಟಿದ್ದಾರೆ. ಮಾಸ್ಕ್ ಹಾಕಿದರೆ ಉಸಿರಿಲ್ಲ, ತೆಗೆದರೆ ಸೀನು ನಿಲ್ಲದು. ಅಕ್ಕ ಮಾತ್ರ ಎಂದೂ ಹಾಕುವವಳಲ್ಲ. "ಮೂಗು ಮುಚ್ಕೊಂಡ್ರೆ ನಾನು ಕುರುಡಿ ಆಗ್ಬಿಡ್ತೀನಿ" ಅನ್ನುತ್ತಾಳೆ.

ಜ್ವರ ಬಿಟ್ಟ ಮೇಲೆ ಇವತ್ತೇ ಅವಳು ಪೂರ್ತಿ ದಿನ ಕೆಳಗಿನ ಅಂಗಡಿಯಲ್ಲಿ ನಿಂತದ್ದು. ಮುಖ ಇನ್ನೂ ಇಳಿದೇ ಇದೆ. "ಇನ್ನೆರಡು ದಿನ ಮಲ್ಕೋಬಾರ್ದಾ" ಅಂದೆ. "ನಾನು ಮಲಗಿದ್ರೆ ನೀನು ಊರಿನ ಕಂಬಳಿಗಳನ್ನೆಲ್ಲ ಒಂದೇ ಬಣ್ಣ ಮಾಡಿಡ್ತೀಯ" ಅಂದಳು. ಸರಿ, ನಾಲಿಗೆಗಂತೂ ಜ್ವರ ತಗಲಿಲ್ಲ. ಓರಗಿತ್ತಿ ಅಂದಮೇಲೆ ಇಷ್ಟಾದರೂ ಚುಚ್ಚದಿದ್ದರೆ ಹೇಗೆ.

ಮಧ್ಯಾಹ್ನ ಪಿಯಾನೊ ಟೀಚರ್ ಬಂದರು. ನಮ್ಮವರು ವ್ಯಾನಿನಿಂದ ಕಂಬಳಿ ಇಳಿಸಿ ಬಿಡಿಸಿದರು. ಕಡುಗೆಂಪು ಮೈ, ಸುತ್ತ ಕೆನೆ ಬಣ್ಣದ ಅಂಚು, ಅಂಚಿನ ತುಂಬ ಸಣ್ಣ ನೀಲಿ ಹೂವು. ಗಂಟು ಎಷ್ಟು ಒತ್ತೊತ್ತು ಅಂದರೆ ಹಿಂಬದಿಯನ್ನೇ ಮುಂದೆ ಮಾಡಿ ಹಾಸಬಹುದು. ಅವರ ತಂದೆಯದಂತೆ. ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ಅವರ ಕುರ್ಚಿ ಇದರ ಮೇಲೇ ಇತ್ತು. ಈಗ ಇದನ್ನು ಪಿಯಾನೊ ಇರುವ ಕೋಣೆಗೆ ಹಾಸಬೇಕು, ಮಕ್ಕಳು ಪಾಠಕ್ಕೆ ಬರುವಾಗ ಅಪ್ಪನೂ ಅಲ್ಲಿರಲಿ ಅಂತ.

"ನಾಯಿ, ಬೆಕ್ಕು ಏನಾದ್ರೂ ಸಾಕಿದ್ರಾ?" ಅಂತ ಕೇಳಿದೆ.

"ಅಯ್ಯೋ ಇಲ್ಲ. ಅಪ್ಪನಿಗೆ ಕಿಟಕಿಯಲ್ಲಿ ಗುಬ್ಬಚ್ಚಿ ಕೂತ್ರೂ ಆಗ್ತಿರಲಿಲ್ಲ. ಅಷ್ಟು ಶುಚಿ."

ಅಕ್ಕ ಮಂಡಿಯೂರಿ, ಮೂಗು ತಾಗಿಸಿಕೊಂಡು, ಆ ತುದಿಯಿಂದ ಈ ತುದಿಗೆ ಹೋದಳು. ಗಿರಾಕಿಗಳಿಗೆ ಇದನ್ನು ನೋಡುವುದೇ ಒಂದು ಖುಷಿ. ಹಳೇ ಉಚ್ಚೆ, ಹಾಲು, ಬೂಷ್ಟು, ಯಾವುದರ ವಾಸನೆ ಎಲ್ಲಿ ಬಂದರೂ ಅಲ್ಲೊಂದು ಬಿಳಿ ದಾರ ಕಟ್ಟುತ್ತಾಳೆ. ದಾರ ಇರುವಲ್ಲೆಲ್ಲ ನಾನು ಒದ್ದೆ ಬಿಳಿಬಟ್ಟೆ ಒತ್ತಿ, ಬಣ್ಣ ಬಿಡುತ್ತದೋ ಅಂತ ನೋಡಬೇಕು. ದಾರ ಇಲ್ಲದಿದ್ದರೆ ಬಣ್ಣಕ್ಕೊಂದು ಜಾಗ ನೋಡಿದರೆ ಸಾಕು. ಅತ್ತೆಯ ಕಾಲದಿಂದ ಬಂದ ಕ್ರಮ.

ಎದ್ದು ಮಂಡಿ ಒರೆಸಿಕೊಂಡು "ಚೊಕ್ಕವಾಗಿದೆ" ಅಂದಳು. ಒಂದು ದಾರವನ್ನೂ ಕಟ್ಟಲಿಲ್ಲ. ಈಚೆಗೆ ಬರುವ ಕಂಬಳಿಗಳೆಲ್ಲ ಅದೇನು ಚೊಕ್ಕವೋ.


ಮಾರ್ಚ್ 6, ಬುಧವಾರ

ಪಿಯಾನೊ ಟೀಚರ್ ಕಂಬಳಿ ಕೆಟ್ಟಿತು. ಕೆಂಪು ಬಿಟ್ಟಿತು.

ನಾನು ನೋಡಿದ್ದೆ. ಕೆಂಪಿಗೊಂದು, ನೀಲಿಗೊಂದು ಕಡೆ ಬಿಳಿಬಟ್ಟೆ ಒತ್ತಿ, ಮೇಲೆ ಕಲ್ಲು ಇಟ್ಟು, ಕಾದು ನೋಡಿದ್ದೆ. ಬಟ್ಟೆ ಇದ್ದ ಹಾಗೇ ಇತ್ತು. ಅಕ್ಕನಿಗೂ ತೋರಿಸಿದ್ದೆ. "ಹಾಕು ನೀರು" ಅಂದಿದ್ದಳು.

ತೊಳೆಯುವ ನೆಲದ ಮೇಲೆ ಹಾಸಿ, ನೀರು ಬಿಟ್ಟು, ಸೋಪು ಹಚ್ಚಿ ಬ್ರಷ್ ಎಳೆಯುತ್ತಿದ್ದೆವು. ಒಂದು ಮೂಲೆಯಲ್ಲಿ ನೊರೆ ತೆಳು ಗುಲಾಬಿ. ಸೋಪಿನ ಬಣ್ಣ ಅಂದುಕೊಂಡೆ. ಸೋಪಿಗೆಲ್ಲಿಯ ಬಣ್ಣ! ನೋಡನೋಡುತ್ತ ಕೆಂಪಾಯಿತು. ಕೆನೆ ಅಂಚಿನೊಳಗೆ ನುಗ್ಗಿತು. ಅಕ್ಕ ಕಿರುಚಿದಳು — "ತಣ್ಣೀರು! ತಣ್ಣೀರು ಬಿಡು! ವಿನೆಗರ್!" ನಮ್ಮವರು ಪೈಪು ಹಿಡಿದು ನಿಂತರು. ನಾನು ಟವೆಲ್‌ ಮೇಲೆ ಟವೆಲ್ ಒತ್ತಿದೆ. ಸಂಜೆಯವರೆಗೂ ಒತ್ತಿದೆ, ಹಿಂಡಿದೆ, ಮತ್ತೆ ಒತ್ತಿದೆ. ಬಹುಪಾಲು ಹೋಯಿತು. ಅಂಚಿನ ಆ ಮೂಲೆಯಲ್ಲಿ ಮಾತ್ರ ಗುಲಾಬಿ ಉಳಿದುಬಿಟ್ಟಿತು. ನೀಲಿ ಹೂವುಗಳ ಕೆಳಗೆಲ್ಲ ಯಾರೋ ಕುಂಕುಮ ಒರೆಸಿದ ಹಾಗೆ.

ಕೊನೆಗೆ ಅಕ್ಕ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು.

"ಸರಿಯಾಗಿ ನೋಡಿದ್ಯಾ?"

ನೋಡಿದ್ದೆ. ನೋಡಿದ್ದೆ ಅಂತ ಹೇಳಿದೆ. ಹೇಳುವಾಗ ನನಗೇ ಸಂಶಯ ಬಂತು.


ಮಾರ್ಚ್ 7, ಬೆಳಿಗ್ಗೆ

ಅಕ್ಕ ಬಿಳಿಬಟ್ಟೆ ಇಸಕೊಂಡಳು. ಕಪಾಟಿನಲ್ಲಿದ್ದುದೆಲ್ಲ ಗುಡ್ಡೆ ಹಾಕಿಕೊಂಡು ತನ್ನ ಕೋಣೆಗೆ ಒಯ್ದಳು. "ಇನ್ನು ಪರೀಕ್ಷೆ ನಾನೇ ನೋಡ್ಕೋತೀನಿ. ನೀನು ಕುಚ್ಚು ಬಿಡಿಸು."

ಕುಚ್ಚು ಬಿಡಿಸುವುದು! ಈ ಮನೆಗೆ ಬಂದ ಹೊಸದರಲ್ಲಿ ಕೊಟ್ಟಿದ್ದ ಕೆಲಸ. ಕಂಬಳಿ ತುದಿಯಲ್ಲಿ ಸಿಕ್ಕು ಬಿದ್ದ ಎಳೆಗಳನ್ನು ಬಾಚಣಿಗೆಯಲ್ಲಿ ಬಾಚುತ್ತ ಮೂಲೆಯಲ್ಲಿ ಕೂರುವುದು. ಇಷ್ಟು ವರ್ಷ ಅಕ್ಕ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಏ ಬಿಳಿಬಟ್ಟೆ" ಅಂತಲೇ ಕೂಗುವುದು. ಕೇಳಿ ಕೇಳಿ ಕೋಪ ಬರುತ್ತಿತ್ತು. ಇವತ್ತು ಒಂದು ಸಲವೂ ಹಾಗೆ ಕೂಗಲಿಲ್ಲ.

ನಮ್ಮವರಿಗೆ ಹೇಳಿದೆ. "ತಪ್ಪಾಯ್ತು ಅಂತ ಒಪ್ಕೊಂಡು ಬಿಡು, ಎರಡು ದಿನ ಮುಖ ಊದಿಸ್ಕೊಂಡು ಸುಮ್ಮನಾಗ್ತಾರೆ" ಅಂದರು. ತಪ್ಪಾಗಿದ್ದರೆ ತಾನೇ? ಈ ಮನುಷ್ಯನಿಗೆ ಅತ್ತಿಗೆ ಅಂದರೆ ದೇವರು, ಹೆಂಡತಿ ಅಂದರೆ ವ್ಯಾನಿನ ಸ್ಟೆಪ್ನಿ.

ಶನಿವಾರದ ಮುಂದಿನ ಶನಿವಾರ ಪಿಯಾನೊ ಟೀಚರ್ ಬರುತ್ತಾರೆ.


ಮಾರ್ಚ್ 9, ಶನಿವಾರ, ಮಧ್ಯಾಹ್ನ

ಅಕ್ಕ ಡಾಕ್ಟರ ಹತ್ತಿರ ಹೋಗಿದ್ದಾಳೆ. ಜ್ವರದ ಮೇಲಿನ ಸುಸ್ತಿಗೆ ಅಂತ. ನಾನು ಅಡುಗೆಮನೆಯ ಬಿಳಿ ಟವೆಲ್ ಒದ್ದೆ ಮಾಡಿಕೊಂಡು ಒಣಹಾಕುವ ಕೋಣೆಗೆ ಹೋದೆ.

ಮೊದಲು ನೋಡಿದ ಜಾಗದಲ್ಲೇ ಒತ್ತಿದೆ. ಏನೂ ಇಲ್ಲ. ಅದರಿಂದ ಒಂದು ಗೇಣು ಆಚೆ — ಏನೂ ಇಲ್ಲ. ನಡುವೆ, ಇನ್ನೊಂದು ತುದಿ, ಎಲ್ಲ ಕಡೆ ಅದೇ ಕೆಂಪು, ಒಂದು ಚೂರೂ ಬಿಡದು. ಬಣ್ಣ ಬಿಟ್ಟ ಮೂಲೆಯಲ್ಲಿ ಒತ್ತಿದೆ. ಟವೆಲ್ ಕೆಂಪು.

ಹಾಗಾದರೆ ತಪ್ಪು ಬಣ್ಣದ್ದಲ್ಲ. ಜಾಗದ್ದು. ಉಚ್ಚೆ ಬಿದ್ದು ಬಿದ್ದು ಹಳತಾದರೆ ಅಲ್ಲಿನ ಬಣ್ಣ ಸಡಿಲವಾಗುತ್ತದೆ, ನೀರು ತಾಗುವವರೆಗೂ ಗೊತ್ತಾಗುವುದಿಲ್ಲ. ನಮ್ಮ ಕೆಲಸದಲ್ಲಿ ಇದು ಮೊದಲ ಪಾಠ. ಗೊತ್ತು ಮಾಡಿಕೊಳ್ಳುವುದಕ್ಕೇ ಅಕ್ಕನ ಮೂಗು, ಅಕ್ಕನ ದಾರ.

ಕಂಬಳಿಯ ಜೊತೆ ಅದರ ಅಡಿಗೆ ಹಾಸುವ, ಒತ್ತಿದ ಉಣ್ಣೆಯ ದಪ್ಪ ಫೆಲ್ಟ್ ಕೂಡ ಬಂದಿತ್ತು. ಅದನ್ನು ನಾವು ತೊಳೆಯುವುದಿಲ್ಲ, ಪ್ಲಾಸ್ಟಿಕ್ ಸುತ್ತಿದ ಸುರುಳಿ ಬಿಚ್ಚದೆ ಬಾಗಿಲ ಹಿಂದೆ ನಿಲ್ಲಿಸಿದ್ದೆವು. ಬಿಚ್ಚಿದೆ. ಕುರ್ಚಿಯ ಕಾಲು ಊರಿದ ತಗ್ಗುಗಳು ಸ್ಪಷ್ಟ. ಅವುಗಳ ನಡುವೆ ಕಂದು ಉಂಗುರ. ಉಂಗುರದೊಳಗೆ ಉಂಗುರ. ಕೆಲವು ಹಳೆಯವು, ಕೆಲವು ಈಚಿನವು. ಮಾಸ್ಕ್ ತೆಗೆದೆ. ಬಗ್ಗಬೇಕಾಗಿಯೇ ಇರಲಿಲ್ಲ. ಬಾಗಿಲ ಹತ್ತಿರ ನಿಂತರೂ ಸಾಕು.

ನಾಯಿ ಇರಲಿಲ್ಲ, ಬೆಕ್ಕು ಇರಲಿಲ್ಲ. ಕುರ್ಚಿಯಲ್ಲಿ ಕೂತಿದ್ದವರು ಒಬ್ಬರೇ.

ಪಾಪ, ಆ ಹಿರಿಯರು. ಮಗಳಿಗೆ ಗೊತ್ತಾಗದಂತೆ ಅದೆಷ್ಟು ದಿನ ಹಾಗೇ ಕೂತಿದ್ದರೋ...

ಆದರೆ ಅಕ್ಕನಿಗೆ ಹೇಗೆ ಗೊತ್ತಾಗಲಿಲ್ಲ? ಕಂಬಳಿ ಒಣಗಿತ್ತು, ನಿಜ. ಅಕ್ಕ ಒಣ ಕಂಬಳಿ ಮೂಸಿಯೇ, ಅದು ಮೊದಲಿದ್ದ ಮನೆಯಲ್ಲಿ ಬೆಕ್ಕಿತ್ತು ಅಂತ ಹೇಳಿದವಳು. ಊಟಕ್ಕೆ ಬಂದ ನಮ್ಮವರಿಗೆ ಫೆಲ್ಟ್ ತೋರಿಸಿ ಕೇಳಿದೆ. "ಅತ್ತಿಗೆ ಮೂಗು ತಪ್ಪೋಕೆ ಸಾಧ್ಯಾನೇ ಇಲ್ಲ. ಇದು ಆಮೇಲೆ ಆಗಿರ್ಬೇಕು" ಅಂದರು. ಆಮೇಲೆ ಅಂದರೆ? ಬಾಗಿಲ ಹಿಂದೆ ನಿಲ್ಲಿಸಿದ ಮೇಲೆ? ನೀವೇ ಬಂದು ಮಾಡಿದಿರಾ ಅಂತ ಕೇಳಿದೆ. ಎದ್ದು ಹೋದರು.


ಮಾರ್ಚ್ 12, ಮಂಗಳವಾರ

ಗೊತ್ತಾಯಿತು.

ಬೇಕರಿಯವರ ಕಂಬಳಿ ಬಂತು. ಅವರ ಮುದಿ ನಾಯಿ ರಸ್ತೆಗೆಲ್ಲ ಪರಿಚಯ. ನಮ್ಮವರು ಸುರುಳಿ ಬಿಡಿಸಿದ ಕೂಡಲೇ ಮಾಸ್ಕ್ ಹಾಕಿದ್ದ ನನಗೇ ತಲೆ ತಿರುಗಿತು. ಅಕ್ಕ ಮಂಡಿಯೂರಿದಳು. ಮೂಗು ತಾಗಿಸಿದಳು. ನಿಧಾನವಾಗಿ ಸರಿಯುತ್ತ ಹೋದಳು, ಎಂದಿನ ಹಾಗೇ, ಅದೇ ಗತ್ತು. ಒಂದು ಕಡೆ ವಾಂತಿ ಬರುವಷ್ಟು ಗಬ್ಬು. ಅದರ ಮೇಲೇ ಮುಖವಿಟ್ಟು, ದಾಟಿ ಹೋದಳು.

ಆಮೇಲೆ ತಲೆ ಎತ್ತಿ ನಮ್ಮವರ ಮುಖ ನೋಡಿದಳು.

ಅವರು ಮೂಗಿಗೆ ಕೈ ಅಡ್ಡ ಹಿಡಿದಿದ್ದರು. ಅಕ್ಕ ಅದನ್ನು ನೋಡಿದಳು, ಆಮೇಲೆ ನನ್ನ ಕಣ್ಣು ನೋಡಿದಳು. ಮಾಸ್ಕ್ ಹಾಕಿದರೆ ನನ್ನ ಮುಖದಲ್ಲಿ ಕಾಣುವುದು ಕಣ್ಣೊಂದೇ ತಾನೆ. ಜೇಬಿನಿಂದ ದಾರ ತೆಗೆದು, "ಇಲ್ಲಿದೆ ನೋಡು" ಅಂತ ಕಟ್ಟಿದಳು. ಬೇರೆ ಜಾಗದಲ್ಲಿ. ಏನೂ ಇಲ್ಲದ ಜಾಗದಲ್ಲಿ.

ಅವಳ ಮೂಗು ಹೋಗಿದೆ. ಜ್ವರ ತೆಗೆದುಕೊಂಡು ಹೋಗಿದೆ. ನಮ್ಮ ಮುಖ ನೋಡಿಕೊಂಡು ಇಷ್ಟು ದಿನ ನಡೆಸಿದ್ದಾಳೆ.

ಖುಷಿಯಾಯಿತು. ಬರೆದೇ ಬಿಡುತ್ತೇನೆ, ಇದನ್ನು ಯಾರು ಓದುತ್ತಾರೆ. ಹಾಲು ಕುಡಿದಷ್ಟು ಖುಷಿಯಾಯಿತು. ಕುಚ್ಚು ಬಾಚುತ್ತ ಕೂತು ಒಳಗೊಳಗೇ ನಕ್ಕೆ. ಊರೆಲ್ಲ ಮೂಗಮ್ಮ ಮೂಗಮ್ಮ ಅಂತ ಹೊಗಳುತ್ತಾರೆ, ನನ್ನ ಬಿಳಿಬಟ್ಟೆಯನ್ನು ಕೇಳುವವರಿಲ್ಲ. ಈಗ ಹೇಳಲಿ. ಎಲ್ಲರ ಎದುರಿಗೆ ಹೇಳಲಿ.

ಊಟಕ್ಕೆ ಕೂತಾಗ ಅಕ್ಕ ತಟ್ಟೆ ನೋಡುತ್ತಿದ್ದಳು. ಉಣ್ಣುತ್ತಿರಲಿಲ್ಲ. "ಹೇಗಿದೆ?" ಅಂದೆ, ಬೇಕಂತಲೇ. "ಚೆನ್ನಾಗಿದೆ" ಅಂದಳು. ಉಪ್ಪೇ ಹಾಕಿರಲಿಲ್ಲ ನಾನು, ಮರೆತಿದ್ದೆ. ಉಪ್ಪಾದರೂ ಅವಳ ನಾಲಿಗೆಗೆ ಗೊತ್ತಾಗಿರಲೇಬೇಕು. ಏನು ಕೇಳಿದರೂ ಚೆನ್ನಾಗಿದೆ ಅನ್ನುವುದೇ ರೂಢಿಯಾಗಿಬಿಟ್ಟಿದೆಯೋ ಏನೋ. ಆಗ ಆ ಖುಷಿ ಎಲ್ಲೋ ಹೋಯಿತು.


ಮಾರ್ಚ್ 13

ಹೇಳುವುದೋ ಬೇಡವೋ.

ಹೇಳಿದರೆ ನನ್ನ ಮೇಲಿನ ತಪ್ಪು ಹೋಗುತ್ತದೆ. ಅವಳ ಹತ್ತಿರ ಉಳಿಯುವುದೇನು? ಭಾವ ತೀರಿಕೊಂಡಾಗ ಅಂಗಡಿ ಮುಚ್ಚಿ ಅಂತ ಎಲ್ಲರೂ ಹೇಳಿದರು, ಇವಳು ಮಂಡಿಯೂರಿ ಮೂಸಿ ಮೂಸಿಯೇ ಅದನ್ನು ಉಳಿಸಿದಳು. ನಮ್ಮಿಬ್ಬರನ್ನೂ ಸೇರಿಸಿ.

ಹೇಳದಿದ್ದರೆ ಪಿಯಾನೊ ಟೀಚರ್ ಎದುರು ತಪ್ಪು ನನ್ನದು. ಇವತ್ತಿನದಷ್ಟೇ ಅಲ್ಲ, ಮುಂದೆಯೂ. ಜನ್ಮವಿಡೀ ಕುಚ್ಚು.

ಇನ್ನೂ ಒಂದಿದೆ. ನನ್ನ ತಪ್ಪಲ್ಲ ಅಂತ ತೋರಿಸಬೇಕಾದರೆ ಫೆಲ್ಟ್ ಬಿಚ್ಚಬೇಕು. ಆ ಮಗಳ ಎದುರಿಗೆ ಬಿಚ್ಚುವುದು ಹೇಗೆ? ಗುಬ್ಬಚ್ಚಿ ಕೂತರೂ ಆಗದಿದ್ದ ಅಪ್ಪ.

ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ. ನಿರ್ಧಾರ ಮಾಡಿದೆ. ಅಕ್ಕನ ಹತ್ತಿರ ಮಾತ್ರ, ಇಬ್ಬರೇ ಇದ್ದಾಗ ಮೆಲ್ಲಗೆ ಹೇಳುತ್ತೇನೆ.


ಮಾರ್ಚ್ 15

ಎರಡು ಸಲ ಹತ್ತಿರ ಹೋದೆ. "ಅಕ್ಕಾ" ಅಂದೆ. "ಕುಚ್ಚು ಮುಗೀತಾ?" ಅಂದಳು. ವಾಪಸು ಬಂದೆ.


ಮಾರ್ಚ್ 16, ಶನಿವಾರ

ಎಲ್ಲ ಕೆಡಿಸಿದೆ.

ಪಿಯಾನೊ ಟೀಚರ್ ಬಂದರು. ಕಂಬಳಿ ಹಾಸಿದೆವು. ಕಿಟಕಿಯ ಬೆಳಕಿಗೆ ಕೆಂಪು ಎಷ್ಟು ಚೆಂದ ಕಾಣುತ್ತಿತ್ತು, ಆ ಮೂಲೆಯೊಂದು ಬಿಟ್ಟು. ಅವರು ಅಲ್ಲೇ ಕೂತು ಗುಲಾಬಿಯಾದ ಅಂಚಿನ ಮೇಲೆ ಕೈಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬಣ್ಣದ ಪರೀಕ್ಷೆ ಇವಳು ನೋಡಿದ್ದು," ಅಕ್ಕ ಅಂದಳು. "ಒಂದು ಕಡೆ ತಪ್ಪಿದಳು. ಇವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಸುಮ್ಮನಿದ್ದೆ. ನಿಜವಾಗಿಯೂ ಸುಮ್ಮನಿದ್ದೆ, ನೆಲ ನೋಡುತ್ತ.

ಆಗ ಅವಳು ನನ್ನ ತಲೆ ಸವರಿದಳು. ಸಣ್ಣ ಮಗುವಿಗೆ ಸವರಿದ ಹಾಗೆ. "ಇನ್ನೂ ಕಲೀತಿದಾಳೆ."

ಕಲೀತಿದಾಳೆ! ತಲೆಯಲ್ಲಿ ಬಿಳಿ ಕೂದಲು ಬಂದಿದೆ ನನಗೆ. ನನಗೆ ಕೋಪ ಬಂದಾಗ ಕಿವಿ ಕೇಳಿಸುವುದಿಲ್ಲ. ಬಾಗಿಲ ಹಿಂದೆ ಹೋಗಿ ಫೆಲ್ಟ್ ಎಳೆದು ತಂದೆ, ಅವರಿಬ್ಬರ ನಡುವೆ ಬಿಡಿಸಿ ಎಸೆದೆ.

"ಮೂಸು ಅಕ್ಕ. ಮೂಸಿ ಹೇಳು ಏನು ವಾಸನೆ ಅಂತ."

ಪಿಯಾನೊ ಟೀಚರ್ ಮುಖ ಹಿಂದಕ್ಕೆ ಹೋಯಿತು. ನಮ್ಮವರು "ಏಯ್" ಅಂದರು. ಅಕ್ಕ ಬಗ್ಗಿದಳು. ಅಭ್ಯಾಸ ಅವಳಿಗೆ, ಬಗ್ಗಿದಳು. ತಲೆ ಎತ್ತಿ ನನ್ನ ಮುಖ ನೋಡಿದಳು. ಅವರ ಮುಖ ನೋಡಿದಳು. ನಮ್ಮವರ ಮುಖ ನೋಡಿದಳು. ಓದುವುದಕ್ಕೆ ಏನೂ ಸಿಗಲಿಲ್ಲವೋ, ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತೋ. ಮತ್ತೆ ಫೆಲ್ಟಿನ ಕಡೆ ಬಗ್ಗಿದಳು.

"ಅವಳಿಗೆ ಏನೂ ಗೊತ್ತಾಗಲ್ಲ. ಜ್ವರ ಬಂದಾಗಿಂದ ಗೊತ್ತಾಗ್ತಿಲ್ಲ. ಗೊತ್ತಾಗಿದ್ರೆ ಅಲ್ಲಿ ದಾರ ಕಟ್ಟಿರ್ತಿದ್ಲು, ದಾರ ಇದ್ದಿದ್ರೆ ನಾನು ನೋಡಿರ್ತಿದ್ದೆ." ನಾನೇ ಹೇಳಿದ್ದು ಇದು. ಅಷ್ಟು ಜೋರಾಗಿ.

ಪಿಯಾನೊ ಟೀಚರ್ ನನ್ನ ಮಾತು ಕೇಳುತ್ತಿರಲಿಲ್ಲ. ಕುರ್ಚಿ ಕಾಲಿನ ತಗ್ಗುಗಳನ್ನು ನೋಡುತ್ತಿದ್ದರು. ಒಂದರೊಳಗೆ ಒಂದು ಉಂಗುರ ನೋಡುತ್ತಿದ್ದರು.

"ಕುರ್ಚಿ ಬಿಟ್ಟು ಏಳ್ತಾನೇ ಇರಲಿಲ್ಲ ಅಪ್ಪ," ಅಂದರು. "ನಾನು ಬಂದಾಗಂತೂ ಅಲುಗಾಡ್ತಾನೂ ಇರಲಿಲ್ಲ. ಬಾಗಿಲವರೆಗೂ ಬಂದು ಕಳಿಸ್ಬಾರ್ದಾ ಅಂತ ಜಗಳ ಆಡ್ತಿದ್ದೆ. ಮಗಳು ಅಂದ್ರೆ ಅಷ್ಟು ತಾತ್ಸಾರಾನಾ ಅಂತ."

ಅವರು ಎದ್ದು ನಿಂತರು.

ಕಂಬಳಿ ಅವರೇ ಸುತ್ತಿದರು. ನಮ್ಮವರು ಫೆಲ್ಟನ್ನು ಆಚೆ ಬಿಸಾಡಲು ಎತ್ತಿಕೊಂಡಾಗ "ಬೇಡ, ಅದೂ ಕೊಡಿ" ಅಂದರು. ಎರಡನ್ನೂ ವ್ಯಾನಿನಲ್ಲಿ ಹಾಕಿಸಿಕೊಂಡು ಹೋದರು.

ಅಕ್ಕ ಮೆಟ್ಟಿಲು ಹತ್ತಿ ಮೇಲೆ ಹೋದಳು. ಕೈಗಂಬಿ ಹಿಡಿದುಕೊಂಡು. ಹಿಂದೆ ಎಂದೂ ಹಿಡಿದವಳಲ್ಲ.

ನಾನು ಗೆದ್ದೆ. ಥೂ ನನ್ನ ಬಾಯಿಗೆ.


ಮಾರ್ಚ್ 22

ಬರೆಯುವುದಕ್ಕೆ ಮನಸ್ಸಿಲ್ಲ. ಅಕ್ಕ ಕೆಳಗೆ ಬರುತ್ತಿಲ್ಲ. ಬಂದವರಿಗೆಲ್ಲ "ಮತ್ತೆ ಜ್ವರ" ಅನ್ನುತ್ತೇನೆ. ಬಿಳಿಬಟ್ಟೆಗಳ ಗುಡ್ಡೆ ನನ್ನ ಬಾಗಿಲ ಮುಂದೆ ಇಟ್ಟು ಹೋಗಿದ್ದಳು, ಮಡಿಸಿ. ಒಂದನ್ನೂ ಮುಟ್ಟಿಲ್ಲ. ಹೊಸ ಕಂಬಳಿ ತಂದವರಿಗೆ ಬೇರೆ ಅಂಗಡಿ ತೋರಿಸುತ್ತಿದ್ದೇನೆ.

ನಮ್ಮವರು ನನ್ನ ಜೊತೆ ವ್ಯಾನಿನ ವಿಷಯ ಬಿಟ್ಟು ಬೇರೆ ಮಾತಾಡುವುದಿಲ್ಲ.


ಮಾರ್ಚ್ 26, ಮಂಗಳವಾರ, ಬೆಳಿಗ್ಗೆ

ಮೇಲೆ ಹೋದೆ. ಇವತ್ತು ಹೋಗದಿದ್ದರೆ ಇನ್ನು ಹೋಗುವುದಿಲ್ಲ ಅನಿಸಿತು.

ಅಕ್ಕನ ಬಾಗಿಲು ತೆಗೆದೇ ಇತ್ತು. ಕಿಟಕಿಯ ಹತ್ತಿರ ಕೂತಿದ್ದಳು, ಕೂದಲು ಒದ್ದೆ. ಬೂದು ಸ್ವೆಟರ್ ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದಳು. ಒಳಗೆ ಕಾಲಿಡುವಷ್ಟರಲ್ಲಿ "ಅಲ್ಲೇ ನಿಲ್ಲು" ಅಂದಳು.

ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಹೊಡೆದರೂ ಸರಿ ಅಂದುಕೊಂಡಿದ್ದೆ.

"ತಪ್ಪಾಯ್ತು ಅಕ್ಕ. ಅವರೆದುರಿಗೆ ಹಾಗೆ ಮಾಡ್ಬಾರ್ದಿತ್ತು."

"ಹೌದು, ಮಾಡ್ಬಾರ್ದಿತ್ತು." ಕಿಟಕಿಯಾಚೆ ನೋಡಿದಳು. "ನಾನೂ ನಿನಗೆ ಮಾಡ್ಬಾರ್ದಿತ್ತು. ನಿನ್ನ ಪರೀಕ್ಷೆ ಸರಿ ಇತ್ತು ಅಂತ ಅವತ್ತೇ ಗೊತ್ತಿತ್ತು ನನಗೆ. ಕೆಂಪು ಬಿಟ್ಟಾಗಲೇ ಗೊತ್ತಾಯ್ತು."

ನನಗೆ ಸಿಟ್ಟು ಬರಬೇಕಿತ್ತು. ಬರಲೂ ಶುರುವಾಗಿತ್ತು. ಆದರೆ ಅವಳು ಮಾತು ನಿಲ್ಲಿಸಲಿಲ್ಲ.

"ಆ ಹಿರಿಯರನ್ನೇ ಯೋಚಿಸ್ತಾ ಇದೀನಿ. ಅವರಿಗೂ ಮೂಗು ಹೋಗಿತ್ತೇನೋ. ಯಾರಿಗೂ ವಾಸನೆ ಬರ್ತಿಲ್ಲ ಅಂದ್ಕೊಂಡು ಕೂತಿದ್ರೇನೋ." ಸ್ವೆಟರಿನ ಗುಂಡಿ ಹಿಡಿದುಕೊಂಡಳು. "ದಿನಾ ಬೆಳಿಗ್ಗೆ ಸ್ನಾನ, ಮಧ್ಯಾಹ್ನ ಸ್ನಾನ, ಸಂಜೆ ಸ್ನಾನ. ಆದ್ರೂ ನನಗೆ ಹೇಗೆ ಗೊತ್ತಾಗ್ಬೇಕು? ಯಾರಾದ್ರೂ ಹತ್ತಿರ ಬಂದ್ರೆ ಭಯ. ಅವರ ಮುಖ ನೋಡ್ತೀನಿ. ನೀನು ಹೇಳು. ನನ್ನ ಮೈ ವಾಸನೆ ಬರ್ತಿದೆಯಾ? ನಿಜ ಹೇಳ್ಬೇಕು."

ಅದಕ್ಕೇ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದಳು. ನಾನು ಬೈಗುಳಕ್ಕೆ ಕಾದಿದ್ದೆ, ಅವಳು ನನಗೆ ಹೆದರಿ ಕೂತಿದ್ದಳು.

ಹತ್ತಿರ ಹೋದೆ. ಅವಳು ಕಂಬಳಿಯ ಮುಂದೆ ಮಂಡಿಯೂರುವ ಹಾಗೆ ಕುರ್ಚಿಯ ಮುಂದೆ ಮಂಡಿಯೂರಿದೆ. ಕೂದಲು ಮೂಸಿದೆ. ಸೋಪು. ಕತ್ತು ಮೂಸಿದೆ, ಸೋಪು. ಅಂಗೈ, ಅಲ್ಲೂ ಸೋಪು, ವಿನೆಗರಿನ ಸುಳಿವೂ ಇಲ್ಲ. ಅವಳು ಉಸಿರು ಬಿಗಿಹಿಡಿದು ಕಿಟಕಿ ನೋಡುತ್ತಿದ್ದಳು. ಮುಖ ನೋಡಲಿಲ್ಲ. ನೋಡಬಾರದು ಅಂತಲೇ ಇರಬೇಕು. ಸ್ವೆಟರಿನ ಕಂಕುಳು ಮೂಸಿದೆ.

ಇಲ್ಲ ಅಕ್ಕ, ಏನೂ ಇಲ್ಲ ಅಂತ ನಾಲಿಗೆಯ ತುದಿಗೆ ಬಂದಿತ್ತು.

"ಮೈ ಚೊಕ್ಕವಾಗಿದೆ," ಅಂದೆ. "ಸ್ವೆಟರ್ ನಾರ್ತಿದೆ. ಬೆವರು. ಚೆನ್ನಾಗೇ ನಾರ್ತಿದೆ."

ಅವಳ ಮುಖ ಕೆಂಪಾಯಿತು. ಅಳುತ್ತಾಳೆ ಅಂದುಕೊಂಡೆ. ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಸ್ವೆಟರ್ ಕಳಚಿ ನನ್ನ ಕೈಗೆ ಕೊಟ್ಟಳು. ಎಷ್ಟು ಸಣ್ಣಗಾಗಿದ್ದಾಳೆ ಅಂತ ಆಗಲೇ ನೋಡಿದ್ದು.

"ದಿನಾ ಬಂದು ಹೇಳ್ತೀಯಾ?"

"ಹೇಳ್ತೀನಿ."

"ನಾರಿದ್ರೆ ನಾರ್ತಿದೆ ಅಂತಾನೇ?"

"ಅಂತಾನೇ."

ಸ್ವೆಟರ್ ನೆನೆಹಾಕಿ ಬಂದು ಬರೆಯುತ್ತಿದ್ದೇನೆ. ಉಣ್ಣೆ, ತಣ್ಣೀರಲ್ಲೇ ತೊಳೆಯಬೇಕು, ಹಿಂಡಬಾರದು. ಕಣ್ಣು ಒರೆಸಿಕೊಳ್ಳುವುದಕ್ಕೆ ಸಿಕ್ಕಿದ್ದೂ ಒಂದು ಬಿಳಿಬಟ್ಟೆಯೇ. ಮೆಟ್ಟಿಲ ಮೇಲೆ ಸದ್ದು. ಅಕ್ಕ ಇಳಿದು ಬರುತ್ತಿದ್ದಾಳೆ, ಸ್ವೆಟರ್ ಇಲ್ಲದೆ, ನಮ್ಮ ಬೆಟ್ಟದೂರಿನ ಈ ಬೆಳಗಿನ ಚಳಿಯಲ್ಲಿ. ನನ್ನ ಶಾಲು ಕೊಡೋಣ ಅಂದರೆ ಅದನ್ನು ತೊಳೆದು ಯಾವ ಕಾಲವಾಯಿತೋ, ಮೊದಲು ಮೂಸಿ ನೋಡಬೇಕು.